ಸಣ್ಣ ವೈರಲ್ ಜ್ವರ ಬಂದು ಹೋದ ಮೇಲೆ ಹೃದಯಕ್ಕೆ ತೊಂದರೆ ಉಳಿಯುತ್ತಾ?

ಉಳಿಯಬಹುದು, ಆದರೆ ಅಪರೂಪ. ಬಹುತೇಕರಿಗೆ ಏನೂ ಆಗುವುದಿಲ್ಲ.

ಕಾಕ್ಸಾಕಿ ಬಿ, ಫ್ಲೂ, ಕೋವಿಡ್‌ನಂಥ ವೈರಸ್‌ಗಳು ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ. ಇದಕ್ಕೆ ಮಯೋಕಾರ್ಡೈಟಿಸ್ ಅಂತಾರೆ. ಜ್ವರ ಜೋರಾಗಿಯೇ ಬಂದಿರಬೇಕು ಅಂತೇನಿಲ್ಲ. ಯಾಕೆಂದರೆ ಹಾನಿ ಮಾಡುವುದು ವೈರಸ್ ಒಂದೇ ಅಲ್ಲ, ಅದನ್ನು ಅಟ್ಟಲು ಬಂದ ನಮ್ಮದೇ ಬಿಳಿ ರಕ್ತಕಣಗಳೂ ಹೌದು. ಕಳ್ಳನನ್ನು ಹಿಡಿಯಲು ಬಂದವರು ಮನೆಯ ಸಾಮಾನನ್ನೂ ಒಡೆದ ಹಾಗೆ. ಹೃದಯದ ಜೀವಕೋಶಗಳು ಸತ್ತರೆ ಚರ್ಮದಂತೆ ಮತ್ತೆ ಬೆಳೆಯುವುದು ತೀರಾ ಕಡಿಮೆ. ಆ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆ ಸ್ನಾಯುವಿನಂತೆ ಕುಗ್ಗಿ ಹಿಗ್ಗುವುದಿಲ್ಲ, ಹೃದಯದ ವಿದ್ಯುತ್ ಸಂಕೇತಕ್ಕೂ ಅಡ್ಡ ಬರುತ್ತದೆ. ಚಿಕ್ಕದಿದ್ದರೆ ಎಷ್ಟೋ ಸಲ ಗೊತ್ತೇ ಆಗದು. ಜಾಸ್ತಿ ಇದ್ದರೆ ಬಡಿತದ ಲಯ ತಪ್ಪಬಹುದು, ರಕ್ತ ಪಂಪ್ ಮಾಡುವ ಶಕ್ತಿ ಕುಗ್ಗಬಹುದು.

ಅಂದಹಾಗೆ, ಜ್ವರ ಬಿಟ್ಟ ಮೇಲೆ ಕೆಲವು ದಿನ ಸುಸ್ತು ಇರುವುದು ಮಾಮೂಲು. ಆದರೆ ಎದೆನೋವು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತಿ ಬೀಳುವುದು, ಕಾಲು ಊತ ಇದ್ದರೆ ಸುಮ್ನೆ ಕೂರಬೇಡಿ, ತಕ್ಷಣ ವೈದ್ಯರಿಗೆ ತೋರಿಸಿ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಜೊತೆಗೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಎಂದು ಹೇಳುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡುತ್ತಾರೆ. ಮಯೋಕಾರ್ಡೈಟಿಸ್ ಅಂತ ಖಚಿತವಾದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಜಿಮ್, ಓಟ, ಕ್ರಿಕೆಟ್ ಎಲ್ಲಕ್ಕೂ ರಜೆ.