ಚರ್ಚಿಗೆ ಹೋದರೂ ಏನೂ ಸಿಗುತ್ತಿಲ್ಲ, ನನ್ನ ನಂಬಿಕೆ ತಣ್ಣಗಾಗಿದ್ದಕ್ಕೆ ಚರ್ಚೇ ಕಾರಣ ಅಲ್ವಾ?

ನಿಮ್ಮ ಪ್ರಶ್ನೆ ಓದಿದೆ. ತುಮಕೂರಿನ ಸಿಎಸ್‌ಐ (ದಕ್ಷಿಣ ಭಾರತ ಸಭೆ ಅನ್ನೋ ಪ್ರೊಟೆಸ್ಟೆಂಟ್ ಪಂಗಡ) ಮನೆತನದವರು, ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದೀರಿ. ಇಲ್ಲಿ ಮೂರ್ನಾಲ್ಕು ಚರ್ಚು ಸುತ್ತಿ ನೋಡಿದ್ದೀರಿ. ಪ್ರಸಂಗ, ಅಂದರೆ ಪಾಸ್ಟರ್ ಉಪದೇಶ ಸಪ್ಪೆ, ಕಮಿಟಿಯವರ ಜಗಳ ಜೋರು, ಯಾರೂ ಮಾತಾಡಿಸಲ್ಲ. ಹಾಗಾಗಿ ಈಗ ಭಾನುವಾರ ರೂಮಿನಲ್ಲೇ ಯೂಟ್ಯೂಬ್ ಆರಾಧನೆ. ಇದಕ್ಕೆಲ್ಲ ಚರ್ಚೇ ಕಾರಣ ಅಲ್ವಾ ಅಂತ ಕೇಳಿದ್ದೀರಿ.

ಅರ್ಧ ಹೌದು. ಉಳಿದರ್ಧ ನಿಮ್ಮದೇ. ನಾನು ಆ ಉಳಿದರ್ಧದ ಬಗ್ಗೆ ಮಾತ್ರ ಬರೆಯುತ್ತೇನೆ. ಚರ್ಚನ್ನು ಬೈಯೋಕೆ ಜನಕ್ಕೇನೂ ಬರವಿಲ್ಲ, ಆರಾಧನೆ ಮುಗಿದ ಮೇಲೆ ನಮ್ಮ ಗೇಟಿನ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು. ಮೊದಲೇ ಹೇಳಿಬಿಡುತ್ತೇನೆ, ನಾನು ಪಾಸ್ಟರ್ ಅಲ್ಲ, ಥಿಯಾಲಜಿ ಓದಿದವಳೂ ಅಲ್ಲ. ಇಲ್ಲಿನ ಒಂದು ಕನ್ನಡ ಸಭೆಯಲ್ಲಿ (ಒಂದು ಚರ್ಚಿಗೆ ಸೇರಿದ ಜನಕ್ಕೆ ನಾವು ಸಭೆ ಅಂತೀವಿ) ಬೆಳೆದವಳು, ಈಗಲೂ ಅಲ್ಲೇ ಇದ್ದೇನೆ.

ನಿಮಗೆ ದೃಢೀಕರಣ ಆಗಿದೆ ಅಂತ ಬರೆದಿದ್ದೀರಿ. ಆವತ್ತು ಏನು ನಡೆಯಿತು ಅಂತ ಒಮ್ಮೆ ಯೋಚಿಸಿ. ಮಗುವಾಗಿದ್ದಾಗ ದೀಕ್ಷಾಸ್ನಾನದ ಹೊತ್ತಿನಲ್ಲಿ ನಿಮ್ಮ ಪರವಾಗಿ ದೇವರಿಗೆ ಮಾತು ಕೊಟ್ಟವರು ಬೇರೆಯವರು, ಅಪ್ಪ ಅಮ್ಮ, ಜೊತೆಗೆ ನಿಂತ ದೊಡ್ಡವರು. ದೊಡ್ಡವರಾದ ಮೇಲೆ ಬಿಷಪ್ ಮುಂದೆ ನಿಂತು ಅದೇ ಮಾತನ್ನು ನೀವೇ ಬಾಯಿಬಿಟ್ಟು ಹೇಳಿದಿರಿ, ಅವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಅಂದರೆ ಅಲ್ಲಿಂದ ಮುಂದೆ ಲೆಕ್ಕ ನಿಮ್ಮ ಹೆಸರಿಗೆ. ಆದರೆ ನಮ್ಮ ಮನೆಗಳಲ್ಲಿ ಆ ದಿನ ಅಂದರೆ ಬಿಳಿ ಬಟ್ಟೆ, ಬಿಷಪ್ ಜೊತೆ ಗ್ರೂಪ್ ಫೋಟೋ, ಮಧ್ಯಾಹ್ನ ನೆಂಟರಿಗೆ ಬಿರಿಯಾನಿ. ಮುಂದಿನ ವಾರದಿಂದ ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸ ತಗೋಬಹುದು, ಅಷ್ಟೇ ವ್ಯತ್ಯಾಸ. ಎಷ್ಟೋ ಜನಕ್ಕೆ ಚರ್ಚಿನ ಜೊತೆಗಿನ ವ್ಯವಹಾರ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ಮದುವೆಗೆ ಬ್ಯಾನ್ಸ್ (ಚರ್ಚಿನಲ್ಲಿ ಮಾಡುವ ಮದುವೆ ಪ್ರಕಟಣೆ) ಓದಿಸಬೇಕು ಅಂದಾಗಲೇ ಪಾಸ್ಟರ್ ಫೋನ್ ನಂಬರ್ ಹುಡುಕೋದು.

ಇನ್ನೊಂದು ಕಾಯಿಲೆ ಹಳೇ ಸಭೆಗಳದ್ದು, ಅದು ತಾತನ ಹೆಸರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್ನಿನ ಕಡೆಯದು, ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚು ವೆಸ್ಲಿ ಮಿಷನ್ನಿನ ಕಡೆಯದು, ಎರಡೂ ಇಂಗ್ಲೆಂಡಿನ ಬೇರೆ ಬೇರೆ ಮಿಷನರಿ ಸಂಸ್ಥೆಗಳು. 1947ರ ಸೆಪ್ಟೆಂಬರ್ 27ಕ್ಕೆ ಈ ಎರಡೂ ಕಡೆಯವರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು ಎಲ್ಲ ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಆದರೂ ಇವತ್ತಿಗೂ "ನಾವು ಲಂಡನ್ ಮಿಷನ್ನವರಮ್ಮ" ಅನ್ನೋ ಅಜ್ಜಿಯಂದಿರು ಸಿಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಅರ್ಧ ಕೀರ್ತನೆ ಪುಸ್ತಕ ಬಾಯಿಗೆ ಬರುತ್ತದೆ. ಸಿಟ್ಟು ಬರೋದು ಅವರ ಮೊಮ್ಮಕ್ಕಳ ಮೇಲೆ. ತಾತ ಚರ್ಚು ಕಟ್ಟೋಕೆ ಕಲ್ಲು ಹೊತ್ತರು ಅಂತ ಹೇಳ್ತಾರೆ, ತಾವು ಕ್ರಿಸ್‌ಮಸ್‌ಗೆ ಬಿಟ್ಟರೆ ಒಳಗೆ ಕಾಲಿಡಲ್ಲ. ಅಂದಹಾಗೆ ಆ ರೈಸ್ ಅಂದರೆ ಬೆಂಜಮಿನ್ ರೈಸ್, 1837ರಲ್ಲಿ ಬೆಂಗಳೂರಿಗೆ ಬಂದ ಮಿಷನರಿ. ಅವರ ಮಗನೇ ಕನ್ನಡದ ಶಾಸನಗಳನ್ನು ಒಟ್ಟುಮಾಡಿದ ಬಿ.ಎಲ್. ರೈಸ್. ಅಪ್ಪನ ಕೆಲಸ ಅಪ್ಪನಿಗೆ, ಮಗನ ಕೆಲಸ ಮಗನಿಗೆ. ನಂಬಿಕೆ ವಿಷಯದಲ್ಲಂತೂ ಬೈಬಲ್ಲೇ ಇದನ್ನು ನೇರವಾಗಿ ಹೇಳುತ್ತದೆ, ಯೆಹೆಜ್ಕೇಲನ 18ನೇ ಅಧ್ಯಾಯ ಓದಿ. ಅಪ್ಪನ ಒಳ್ಳೆಯತನ ಮಗನ ಲೆಕ್ಕಕ್ಕೆ ಬರಲ್ಲ, ಅಪ್ಪನ ಪಾಪವೂ ಬರಲ್ಲ.

ಈಗ "ಏನೂ ಸಿಗ್ತಿಲ್ಲ" ಅನ್ನೋ ಮಾತಿಗೆ ಬರೋಣ. ದರ್ಶಿನಿಯಲ್ಲಿ ಟೋಕನ್ ಕೊಟ್ಟು ಕೌಂಟರ್ ಮುಂದೆ ನಿಂತ ಹಾಗೆ ನಾವು ಚರ್ಚಿನಲ್ಲಿ ಕೂತಿರುತ್ತೇವೆ. ದೋಸೆ ಸರಿಯಿಲ್ಲ ಅಂದರೆ ಪಕ್ಕದ ಹೋಟೆಲ್. ಬೆಂಗಳೂರಿನಲ್ಲಿ ಇದು ಸುಲಭ, ಪ್ರತಿ ಬಡಾವಣೆಯಲ್ಲೂ ಕನ್ನಡ, ತಮಿಳು, ಇಂಗ್ಲಿಷ್, ಮಲಯಾಳಂ ಅಂತ ಬೇಕಾದ್ದು ಸಿಗುತ್ತದೆ. ಹೀಗೆ ಸುತ್ತುತ್ತಾ ಇದ್ದರೆ ಯಾವ ಸಭೆಯಲ್ಲೂ ಯಾರಿಗೂ ನಿಮ್ಮ ಹೆಸರು ಗೊತ್ತಾಗಲ್ಲ. ಆಮೇಲೆ ಯಾರೂ ಮಾತಾಡಿಸಲ್ಲ ಅಂದರೆ ಹೇಗೆ?

ಯೂಟ್ಯೂಬ್ ಬೇಡ ಅಂತ ಹೇಳ್ತಿಲ್ಲ. ಅಡುಗೆ ಮಾಡುತ್ತಾ ನಾನೂ ಕೇಳ್ತೀನಿ, ಕೆಲವರು ನಮ್ಮ ಪಾಸ್ಟರ್‌ಗಿಂತ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ನೀವು ಹಾಸಿಗೆ ಹಿಡಿದರೆ ಅವರಿಗೆ ಗೊತ್ತಾಗಲ್ಲ. ಇನ್ನೂ ದೊಡ್ಡ ಕೊರತೆ ಅಂದರೆ, ಅಲ್ಲಿ ನಿಮ್ಮಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲ 2ನೇ ವಚನದಲ್ಲಿ ಒಬ್ಬರ ಭಾರ ಒಬ್ಬರು ಹೊರಿ ಅನ್ನುತ್ತಾನೆ, 5ನೇ ವಚನಕ್ಕೆ ಬರುವಷ್ಟರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಅನ್ನುತ್ತಾನೆ. ಮೊದಲ ಸಲ ಓದಿದಾಗ ಇದೇನಪ್ಪ ಒಂದೇ ಉಸಿರಲ್ಲಿ ಎರಡು ಮಾತು ಅನಿಸುತ್ತದೆ. ಚರ್ಚಿನಲ್ಲಿ ಏನಾದರೂ ಒಂದು ಕೆಲಸ ಹಿಡಿದುಕೊಂಡರೆ ಎರಡೂ ಒಟ್ಟಿಗೆ ಅರ್ಥ ಆಗುತ್ತದೆ.

ಉದಾಹರಣೆಗೆ ಕಾಣಿಕೆ ಎಣಿಸೋ ಕೆಲಸ. ನಮ್ಮಲ್ಲಿ ಆರಾಧನೆ ಮುಗಿದ ತಕ್ಷಣ ಒಳಕೋಣೆಯಲ್ಲಿ ಚೀಲಗಳನ್ನು ಟೇಬಲ್ ಮೇಲೆ ಸುರಿಯುತ್ತಾರೆ. ಹತ್ತರ ನೋಟನ್ನು ಕೆಲವರು ಎಷ್ಟು ಮಡಚಿರುತ್ತಾರೆ ಅಂದರೆ ಅದನ್ನು ಬಿಡಿಸಿ ನೇರ ಮಾಡೋದೇ ಅರ್ಧ ಕೆಲಸ. ಕವರುಗಳು ಬೇರೆ. ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ ಸ್ತೋತ್ರ ಕಾಣಿಕೆ, ಆಪರೇಷನ್ ಸುಸೂತ್ರ ಆಗಿದ್ದಕ್ಕೆ, ತೀರಿಹೋದ ಗಂಡನ ಜ್ಞಾಪಕಕ್ಕೆ. ಕೆಲವದರಲ್ಲಿ ಹೆಸರೇ ಇರಲ್ಲ. ಮನೆಕೆಲಸ ಮಾಡುವ ಒಬ್ಬರು ಪ್ರತಿ ತಿಂಗಳು ತಪ್ಪದೆ ಹಾಕುವ ಕವರ್ ಇದೆ, ಅಕ್ಷರ ನೋಡಿದರೆ ಸಾಕು ಅವರದ್ದೇ ಅಂತ ಗೊತ್ತಾಗುತ್ತದೆ. ಇಬ್ಬರು ಎಣಿಸಬೇಕು, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಬೇಕು. ಆ ಟೇಬಲ್ಲಿನ ಹತ್ತಿರ ಒಂದಷ್ಟು ಭಾನುವಾರ ಕೂತರೆ ಯಾರ ಮನೆಯಲ್ಲಿ ಏನು ನಡೀತಿದೆ ಅಂತ ತಿಳಿಯುತ್ತದೆ, ಆಮೇಲೆ ಪ್ರಾರ್ಥನೆ ಮಾಡೋಕೆ ಮಾತು ಹುಡುಕಬೇಕಾಗಿಲ್ಲ. ಪ್ರಸಂಗ ಸಪ್ಪೆಯಾದ ವಾರವೂ ಬರಿಗೈಯಲ್ಲಿ ಮನೆಗೆ ಹೋದ ಹಾಗೆ ಅನಿಸಲ್ಲ.

ಕಮಿಟಿ ಜಗಳದ ಬಗ್ಗೆ ಜಾಸ್ತಿ ಹೇಳಲ್ಲ. ಜಗಳ ಇದೆ, ಪಾಸ್ಟರೇಟ್ ಚುನಾವಣೆ (ಚರ್ಚಿನ ಕಮಿಟಿಗೆ ನಡೆಯುವ ಚುನಾವಣೆ) ಬಂದರೆ ಇನ್ನೂ ಜಾಸ್ತಿ ಇರುತ್ತದೆ. ಆದರೆ ವರ್ಷಕ್ಕೊಮ್ಮೆ ಲೆಕ್ಕಪತ್ರ ಓದುವ ದಿನ ಬಂದು ನೋಡಿ, ಹಿಂದಿನ ಬೆಂಚುಗಳೆಲ್ಲ ಖಾಲಿ. ದುಡ್ಡು ಎಲ್ಲಿಗೆ ಹೋಯಿತು ಅಂತ ವರ್ಷವಿಡೀ ಗೊಣಗಿದವರು ಆವತ್ತು ಊಟಕ್ಕೆ ಲೇಟಾಯಿತು ಅಂತ ಎದ್ದುಹೋಗಿರುತ್ತಾರೆ. ಕೂತು ಕೇಳಿ. ಅರ್ಥ ಆಗದಿದ್ದರೆ ಎದ್ದು ನಿಂತು ಮರ್ಯಾದೆಯಿಂದ ಪ್ರಶ್ನೆ ಕೇಳಿ.

ಇನ್ನು ಓದು. ವಾರಕ್ಕೊಂದು ಪ್ರಸಂಗದ ಮೇಲೆ ಯಾರ ನಂಬಿಕೆಯೂ ನಿಲ್ಲಲ್ಲ, ಎಷ್ಟೇ ಒಳ್ಳೆಯ ಪ್ರಸಂಗ ಆಗಿರಲಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಬರೀ 16 ಅಧ್ಯಾಯ, ಮೆಟ್ರೋದಲ್ಲಿ ಕೂತು ಒಂದೊಂದು ಓದಬಹುದು. ಹಳೇ ಅನುವಾದದ ಕನ್ನಡ ಕಷ್ಟ ಅನಿಸಿದರೆ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಹೋಗಿ, ಓದೋಕೆ ಸುಲಭವಾದದ್ದು ಕೊಡಿ ಅಂತ ಕೇಳಿ. ಓದುತ್ತಾ ಹೋದರೆ ಇನ್ನೊಂದು ಲಾಭ ಇದೆ, ಯಾರು ಏನು ಹೇಳಿದರೂ ಪರೀಕ್ಷಿಸೋಕೆ ಬರುತ್ತದೆ. ಅಪೊಸ್ತಲರ ಕೃತ್ಯಗಳು 17ರಲ್ಲಿ ಬೆರೋಯ ಅನ್ನೋ ಊರಿನವರು ಪೌಲ ಹೇಳಿದ್ದನ್ನೇ ಸುಮ್ನೆ ಒಪ್ಪಲಿಲ್ಲ, ದಿನಾ ಗ್ರಂಥ ತೆಗೆದು ಹೌದಾ ಅಲ್ವಾ ಅಂತ ನೋಡಿದರು. ಅದಕ್ಕೆ ಅವರನ್ನು ಹೊಗಳಿದ್ದಾರೆ, ಬೈದಿಲ್ಲ.

ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಒಂದೇ ಕಡೆ ನಿಲ್ಲಿ ಅಂದ ಮಾತ್ರಕ್ಕೆ ಎಲ್ಲವನ್ನೂ ಸಹಿಸಿಕೊಳ್ಳಿ ಅಂತಲ್ಲ. ದಶಮಾಂಶ (ಸಂಪಾದನೆಯ ಹತ್ತನೇ ಒಂದು ಪಾಲು) ಕೊಡದೆ ಇದ್ದಿದ್ದಕ್ಕೇ ನಿಮಗೆ ಕಾಯಿಲೆ ಬಂತು ಅನ್ನುವವರು, ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿ ಅನ್ನುವವರು, ತನ್ನನ್ನು ಕೇಳದೆ ಮದುವೆ ನಿಶ್ಚಯ ಮಾಡಬೇಡಿ ಅನ್ನುವವರು ಸಿಕ್ಕರೆ ಚಪ್ಪಲಿ ಹಾಕಿಕೊಂಡು ಹೊರಡಿ. ಪ್ರಸಂಗ ಬೋರು ಅಂತ ಬಿಡೋದು ಬೇರೆ, ಇದು ಬೇರೆ.

ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂದರೆ, ಮನೆಗೆ ಹತ್ತಿರದ ಒಂದು ಕನ್ನಡ ಸಭೆ ನೋಡಿಕೊಂಡು, ಈ ಸಲ ಊರಿಗೆ ಹೋದಾಗ ತುಮಕೂರಿನ ಸಭಾಪಾಲಕರ ಹತ್ತಿರ ಸದಸ್ಯತ್ವದ ಪತ್ರ ಬರೆಸಿಕೊಂಡು ಬರುತ್ತಿದ್ದೆ. ಅದಿಲ್ಲದೆ ನಮ್ಮಲ್ಲಿ ಹೆಸರು ಸೇರಿಸಲ್ಲ, ಹೆಸರಿಲ್ಲದೆ, ಚಂದಾ ಕಟ್ಟದೆ ಓಟೂ ಇಲ್ಲ. ಏಪ್ರಿಲ್ ಬಂತು ಅಂದರೆ ಮಕ್ಕಳ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆ ಶುರುವಾಗುತ್ತದೆ, ಪ್ರತಿ ವರ್ಷ ಟೀಚರ್‌ಗಳು ಕಡಿಮೆ ಬೀಳುತ್ತಾರೆ. ಹಾಡು ಬರಲ್ಲ ಅಂದರೂ ಪರವಾಗಿಲ್ಲ, ಜ್ಯೂಸ್ ಹಂಚೋಕೆ, ಚಿಕ್ಕವರನ್ನು ರಸ್ತೆ ದಾಟಿಸೋಕೆ ಜನ ಬೇಕೇ ಬೇಕು. ಸಂಡೇ ಸ್ಕೂಲ್ ಸೂಪರಿಂಟೆಂಡೆಂಟ್ ಯಾರು ಅಂತ ಕೇಳಿ, ಅವರಿಗೆ ನಂಬರ್ ಕೊಟ್ಟು ಬನ್ನಿ. ಅವರು ಖಂಡಿತ ಫೋನ್ ಮಾಡುತ್ತಾರೆ.