ರಜೆಗೂ ಪುಸ್ತಕ ಕೊಡಿ

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವರ್ಷದ ಕೊನೆ ಬಂತು, ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಮಕ್ಕಳಿಂದ ವಾಪಸ್ ತರಿಸಿ, ರಿಜಿಸ್ಟರ್ ಜೊತೆ ತಾಳೆ ನೋಡಿ, ಬೀರುಗಳಿಗೆ ಬೀಗ ಹಾಕಿ ಎಂದು ನಿಮಗೆ ಸೂಚನೆ ಬಂದಿದೆ. ಆರನೇ ತರಗತಿಯ ಹುಡುಗಿಯೊಬ್ಬಳು, ‘ಇನ್ನೂ ನಲವತ್ತು ಪುಟ ಇದೆ, ರಜೆಗೆ ಕೊಡ್ತೀರಾ ಮಿಸ್?’ ಅಂತ ಕೇಳಿದಳು. ನೀವು ನಿಯಮ ಹೇಳಿ ಪುಸ್ತಕ ಇಸಿದುಕೊಂಡಿರಿ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಕೊಟ್ಟರೆ ಕಳೆಯುತ್ತವೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಕೊಡಿ ಮೇಡಂ. ಕೆಲವು ಕಳೆಯುತ್ತವೆ, ಆದರೂ ಕೊಡಿ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಪುಸ್ತಕ ಇರುವುದು ಬಳಕೆಗೆ ಎಂಬುದೇ ಅದರಲ್ಲಿ ಮೊದಲನೆಯದು. ಒಂದು ಕಾಲದಲ್ಲಿ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಕಟ್ಟಿಡುತ್ತಿದ್ದರು. ಮಕ್ಕಳಿಗೆ ಓದಲು ಬಿಡುವು ಸಿಗುವ ಹೊತ್ತಿಗೇ ನಾವು ಬೀಗ ಹಾಕಿದರೆ ಅದೂ ಸರಪಳಿಯೇ ಅಲ್ವಾ?

ಹೆಡ್‌ಮಾಸ್ಟರಿಗೆ ಹೇಳಲು ನಿಮಗೊಂದು ಆಧಾರ ಬೇಕಾಗಬಹುದು. ಅಮೆರಿಕದ ಫ್ಲೋರಿಡಾದಲ್ಲಿ ಮಕ್ಕಳ ಓದಿನ ಸಂಶೋಧಕ ರಿಚರ್ಡ್ ಆಲಿಂಗ್ಟನ್ ಮತ್ತು ಅವರ ಸಂಗಡಿಗರು ಬಡ ಮಕ್ಕಳಿಗೆ ಮೂರು ಬೇಸಿಗೆ ರಜೆಗಳಲ್ಲಿ ಪ್ರತಿ ಸಲವೂ ತಲಾ 12 ಪುಸ್ತಕ ಕೊಟ್ಟು ನೋಡಿದರು. ಪುಸ್ತಕಗಳನ್ನು ಆರಿಸಿಕೊಂಡವರು ಮಕ್ಕಳೇ. ಪುಸ್ತಕ ಸಿಗದ ಮಕ್ಕಳಿಗಿಂತ ಇವರು ಓದಿನಲ್ಲಿ ಮುಂದಿದ್ದರು. ಆ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಪುಸ್ತಕ ವಾಪಸ್ ಕೇಳಲೂ ಇಲ್ಲ!

ಲೆಕ್ಕ ಹಾಕುವುದು ಬೇಡ ಅಂತ ನಾನು ಹೇಳುತ್ತಿಲ್ಲ. ವರ್ಷದಲ್ಲಿ ಒಂದು ಸಲವಾದರೂ ಪ್ರತಿ ಪುಸ್ತಕ ನಿಮ್ಮ ಕೈಗೆ ಬರಬೇಕು. ಆಗ ನಂಬರ್ ಜೊತೆಗೆ, ಪುಸ್ತಕ ಕೊಡುವಾಗ ತಾರೀಖಿನ ಸೀಲು ಒತ್ತುವ ಡೇಟ್ ಸ್ಲಿಪ್ಪನ್ನೂ ನೋಡಿ. ಮೂರು ವರ್ಷದಿಂದ ಒಂದೂ ಸೀಲು ಬೀಳದ ಪುಸ್ತಕ ಯಾವ ಮೂಲೆಯಲ್ಲಿತ್ತು? ಮಕ್ಕಳ ಕೈಗೆ ಎಟುಕದ ಮೇಲಿನ ಹಲಗೆಯಲ್ಲೇ? ಬೆನ್ನು ಕಿತ್ತು, ಮೂಲೆಗಳು ಸವೆದು ಬಂದದ್ದು ಯಾವುದು? ಅದರ ಇನ್ನೊಂದು ಪ್ರತಿ ತರಿಸಿ. ಹರಿದ ಹಾಳೆಗೆ ಮಾತ್ರ ಸಾಮಾನ್ಯ ಸೆಲ್ಲೋ ಟೇಪ್ ಬೇಡ, ಕೆಲವೇ ವರ್ಷದಲ್ಲಿ ಹಳದಿಯಾಗಿ ಕಲೆ ಬಿಡುತ್ತದೆ. ಹಾಳೆಗಳ ನಡುವೆ ಒಣಗಿದ ಎಲೆ, ಮಡಚಿಟ್ಟ ಚೀಟಿ ಸಿಗುತ್ತವೆ. ‘ಮುಂದಿನ ಪುಟ ರಾತ್ರಿ ಓದಬೇಡಿ’ ಎಂದು ಪೆನ್ಸಿಲಿನಲ್ಲಿ ಬರೆದದ್ದನ್ನು ನಾನೇ ಒಮ್ಮೆ ನೋಡಿದ್ದೆ. ಅಂಥದ್ದನ್ನು ಅಳಿಸಲು ನನಗಂತೂ ಕೈ ಬರುವುದಿಲ್ಲ.

ಸಿಗದ ಪುಸ್ತಕವನ್ನು ಕಳೆದುಹೋಗಿದೆ ಎಂದು ಬರೆಯುವ ಮೊದಲು ಕಪಾಟುಗಳನ್ನು ಇನ್ನೊಮ್ಮೆ ಹುಡುಕಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಜಾನಪದ ಕಥೆಗಳದ್ದು 398, ಹಕ್ಕಿಗಳದ್ದು 598. ಒಂದೇ ಅಂಕಿ ತಪ್ಪಿದರೂ ಕಾಗಕ್ಕ ಗುಬ್ಬಕ್ಕನ ಕಥೆ ಹಕ್ಕಿಗಳ ಸಾಲಿಗೆ ಹೋಗಿ ಕೂತಿರುತ್ತದೆ.

ಒಂದೊಂದೇ ತರಗತಿಯ ಪುಸ್ತಕ ತರಿಸಿ, ಲೆಕ್ಕ ಮುಗಿದ ಮೇಲೆ ಅದೇ ಮಕ್ಕಳನ್ನು ಮತ್ತೆ ಒಳಗೆ ಬಿಡಿ. ಶಾಲೆ ಬಿಟ್ಟು ಹೋಗುವ ಕೊನೆಯ ತರಗತಿಯವರನ್ನು ಬಿಟ್ಟು ಉಳಿದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ. ಒಂದೇ ಕೊಟ್ಟರೆ ಸಾಲದು, ರಜೆ ದೊಡ್ಡದು.

ದಂಡದ ಮಾತನ್ನು ಮಾತ್ರ ದಯವಿಟ್ಟು ಎತ್ತಬೇಡಿ. ಏಳನೇ ತರಗತಿಯಲ್ಲಿ ನಾನೊಂದು ಪುಸ್ತಕ ಕಳೆದಿದ್ದೆ. ಎಲ್ಲರ ಮುಂದೆ ಹೆಸರು ಕೂಗಿ ದಂಡ ಕೇಳಿದರು. ಮನೆಯಲ್ಲಿ ಹೇಗೋ ಕಟ್ಟಿದರು. ಆದರೆ ಒಂದು ವರ್ಷ ನಾನು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ನನ್ನನ್ನು ಯಾರೂ ಹುಡುಕಲೂ ಇಲ್ಲ.

ಶಾಲೆ ಮುಚ್ಚಲು ಇನ್ನೂ ಎಂಟು ದಿನ ಇದೆ ಎಂದು ಬರೆದಿದ್ದೀರಿ. ನಾಳೆಯೇ ಆ ಹುಡುಗಿಯನ್ನು ಕರೆದು ಪುಸ್ತಕ ಕೊಡಿ. ಅವಳು ಗುರುತಿಗೆ ಇಟ್ಟ ಚೀಟಿ ಒಳಗೇ ಇದ್ದರೆ ಅದು ಅಲ್ಲೇ ಇರಲಿ.

– ಸಂಪಾದಕ