ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾರ್ವಜನಿಕ ಸ್ಥಳದ ಹೊಗೆ ಮತ್ತು ಮಾಲೀಕರ ಹೊಣೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಧೂಮಪಾನದ ನಿಯಮಗಳನ್ನು ಕುರಿತವು. ‘ಕೋಟ್ಪಾ’ ಎಂದು ಪತ್ರಿಕೆಗಳು ಕರೆಯುವ, ಸಿಗರೇಟು ಮತ್ತು ತಂಬಾಕು ಪದಾರ್ಥಗಳನ್ನು ಕುರಿತ 2003ರ ಕೇಂದ್ರ ಕಾಯ್ದೆಗೆ ಕರ್ನಾಟಕದ ವಿಧಾನಮಂಡಲ 2024ರಲ್ಲಿ ಒಪ್ಪಿದ ತಿದ್ದುಪಡಿಯು, ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳ ಕೊನೆಗೆ ರಾಜ್ಯದಲ್ಲಿ ಜಾರಿಗೆ ಬಂದಿದೆ. 200 ರೂಪಾಯಿ ಇದ್ದ ದಂಡ 1,000 ರೂಪಾಯಿವರೆಗೆ ಏರಿರುವುದು ಎಲ್ಲರಿಗೂ ಗೊತ್ತಾಗಿದೆ. ಆದರೆ ಈ ಕಾಯ್ದೆಯ ಅರ್ಧ ಭಾರ ಸೇದುವವರ ಮೇಲಲ್ಲ, ಜಾಗದ ಉಸ್ತುವಾರಿ ಹೊತ್ತವರ ಮೇಲಿದೆ ಎಂಬುದು ಅಷ್ಟಾಗಿ ತಿಳಿದಂತಿಲ್ಲ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಬಳಿ ನಮ್ಮದೊಂದು ಖಾನಾವಳಿ ಇದೆ. ಹತ್ತು ಮೇಜು, ನಲವತ್ತು ಕುರ್ಚಿ. ಊಟ ಮುಗಿಸಿ ಅಲ್ಲೇ ಸಿಗರೇಟು ಹಚ್ಚುವ ಹಳೆಯ ಗಿರಾಕಿಗಳಿಗೆ ಬೇಡ ಎನ್ನಲು ಸಂಕೋಚ. ಹಿಂದಿನ ವರಾಂಡಕ್ಕೆ ಪ್ಲೈವುಡ್ ಮರೆ ಕಟ್ಟಿ ಅವರಿಗೆ ಜಾಗ ಮಾಡಿಕೊಟ್ಟರೆ ನಡೆಯುತ್ತದೆಯೇ? ಸೇದುವವರು ಅವರು, ದಂಡ ನನಗೂ ಬೀಳುತ್ತದೆಯೇ?

ಧೂಮಪಾನಕ್ಕೆ ಪ್ರತ್ಯೇಕ ಜಾಗ ಮಾಡಲು ಕಾಯ್ದೆ ಅವಕಾಶ ಕೊಟ್ಟಿರುವುದು ಮೂರು ಕಡೆ ಮಾತ್ರ: 30 ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳಿರುವ ವಸತಿಗೃಹ, 30 ಅಥವಾ ಅದಕ್ಕಿಂತ ಹೆಚ್ಚು ಆಸನಗಳಿರುವ ಊಟದ ಹೋಟೆಲು, ಮತ್ತು ವಿಮಾನ ನಿಲ್ದಾಣ. ನಲವತ್ತು ಕುರ್ಚಿಗಳಿರುವುದರಿಂದ ಎಣಿಕೆಯ ಮಟ್ಟಿಗೆ ನೀವು ಗೆದ್ದಿದ್ದೀರಿ. ಸೋಲುವುದು ಪ್ಲೈವುಡ್ಡಿನಲ್ಲಿ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಅಂಥ ಜಾಗಕ್ಕೆ ನಾಲ್ಕೂ ಕಡೆ ನೆಲದಿಂದ ಸೂರಿನವರೆಗೆ ಗೋಡೆ ಇರಬೇಕು, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂತಿರಬೇಕು, ಒಳಗಿನ ಹೊಗೆ ಊಟದ ಕೋಣೆಗೆ ನುಗ್ಗದೆ ನೇರವಾಗಿ ಹೊರಗೆ ಹೋಗುವಂತೆ ಗಾಳಿಯ ವ್ಯವಸ್ಥೆ ಇರಬೇಕು, ಮತ್ತು ಆ ಕೋಣೆ ಜನ ಬಂದುಹೋಗುವ ಬಾಗಿಲ ಬಳಿ ಇರಕೂಡದು. 2017ರಲ್ಲಿ ಇದಕ್ಕೆ ಇನ್ನೊಂದು ಷರತ್ತು ಸೇರಿತು: ಆ ಕೋಣೆಯೊಳಗೆ ಬೇರಾವ ಸೇವೆಯನ್ನೂ ಒದಗಿಸುವಂತಿಲ್ಲ. ಹುಕ್ಕಾ ಕೊಡುತ್ತಿದ್ದವರನ್ನು ಕಟ್ಟಿಹಾಕಲು ತಂದ ಷರತ್ತು ಅದಾದರೂ ಒಂದು ಕಪ್ ಚಹಾಕ್ಕೂ ಅನ್ವಯಿಸುತ್ತದೆ. ಇಷ್ಟೆಲ್ಲ ಖರ್ಚು ಮಾಡಿ, ಕುಳಿತು ಚಹಾ ಕುಡಿಯಲೂ ಬಾರದ ಒಂದು ಖಾಲಿ ಕೋಣೆಯನ್ನು ಕಟ್ಟುವುದಕ್ಕಿಂತ ಇನ್ನೆರಡು ಮೇಜು ಹಾಕುವುದೇ ಲಾಭವೆಂದು ನನಗೆ ತೋರುತ್ತದೆ, ಲೆಕ್ಕ ನಿಮ್ಮದು.

ದಂಡ ನಿಮಗೂ ಬೀಳಬಹುದು. ಒಳಬರುವ ಬಾಗಿಲಲ್ಲಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ, ಬಿಳಿ ಹಿನ್ನೆಲೆಯ ಫಲಕದಲ್ಲಿ ಇದು ಧೂಮಪಾನ ನಿಷೇಧಿತ ಸ್ಥಳ, ಇಲ್ಲಿ ಸೇದುವುದು ಅಪರಾಧ ಎಂದು ಬರೆಸಬೇಕಾದವರು ನೀವು. ಯಾರಾದರೂ ಸೇದಿದರೆ ದೂರನ್ನು ಯಾರಿಗೆ ಕೊಡಬೇಕು ಎಂಬ ಹೆಸರನ್ನೂ ಅಲ್ಲಿ ತಿಳಿಸಬೇಕು. ಬೂದಿಬಟ್ಟಲು, ಬೆಂಕಿಪೊಟ್ಟಣ, ಲೈಟರ್ ಇಡುವಂತಿಲ್ಲ. ಗಲ್ಲೆಯ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ಲೈಟರ್ ಇದ್ದರೆ ಇಂದೇ ಬಿಚ್ಚಿರಿ. ದೂರು ಬಂದ ಮೇಲೂ ಸುಮ್ಮನಿದ್ದರೆ, ನಿಮ್ಮಲ್ಲಿ ಎಷ್ಟು ಜನ ಸೇದಿದರೋ ಅಷ್ಟು ಅಪರಾಧಗಳ ದಂಡಕ್ಕೆ ಸಮನಾದ ಮೊತ್ತ ನಿಮ್ಮ ಮೇಲೆ ಬರುತ್ತದೆ. ಗಿರಾಕಿಗೆ ನೀವಾಗಿ ಬೇಡ ಎನ್ನಲು ಸಂಕೋಚವಾದರೆ ಫಲಕದ ಕಡೆ ಕೈ ತೋರಿಸಿದರೂ ಆದೀತು.

ಗದಗಿನಿಂದ ಬಂದು ಹುಬ್ಬಳ್ಳಿಯಲ್ಲಿ ರೈಲು ಬದಲಿಸುವಾಗ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬೀಡಿ ಸೇದುತ್ತಿದ್ದವರಿಗೆ ನನಗೆ ದಮ್ಮು ಇದೆ ಎಂದು ಹೇಳಿದೆ. ‘ಇದು ಬಯಲು ಐತ್ರೀ ಅಜ್ಜಾರ, ಬಯಲಿಗೆ ಕಾಯ್ದೆ ಇಲ್ಲ’ ಎಂದರು. ಹೌದೇ?

ಆ ಮನುಷ್ಯ ಕಾಯ್ದೆಯನ್ನು ಅರ್ಧ ಓದಿದ್ದಾರೆ. 2003ರ ಮೂಲ ಕಾಯ್ದೆ ‘ಸಾರ್ವಜನಿಕ ಸ್ಥಳ’ ಎಂಬುದನ್ನು ವಿವರಿಸುವಾಗ ಬಯಲು ಜಾಗವನ್ನು ಹೊರಗಿಟ್ಟಿದ್ದು ನಿಜ. ಆದರೆ 2008ರ ನಿಯಮಗಳು ಆ ಬಯಲಿನ ಅರ್ಥವನ್ನು ಕಿರಿದುಗೊಳಿಸಿ, ರೈಲು ನಿಲ್ದಾಣ, ಬಸ್ ನಿಲ್ದಾಣ, ಕ್ರೀಡಾಂಗಣ, ಬಯಲು ರಂಗಮಂದಿರ ಮುಂತಾಗಿ ಜನ ಸೇರುವ ಜಾಗಗಳು ಬಯಲು ಎನಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿವೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದವಿರುವುದರಿಂದ ಅದರ ತುದಿ ಬೇರೆ ಊರಿನಂತೆ ತೋರಬಹುದು, ಆದರೂ ಅದು ನಿಲ್ದಾಣವೇ. ಅಲ್ಲಿ ದಂಡ ವಿಧಿಸುವ ಅಧಿಕಾರ ಸ್ಟೇಷನ್ ಮಾಸ್ತರರಿಗೂ ಇದೆ. ಬಂಡಿಯೊಳಗೆ ಇದೇ ತೊಂದರೆಯಾದರೆ ರೈಲ್ವೆಯ 139ಕ್ಕೆ ಕರೆ ಮಾಡಿರಿ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮಹಡಿಯನ್ನು ಓದುವ ಹುಡುಗರಿಗೆ ಪಿಜಿಯಾಗಿ ಕೊಟ್ಟಿದ್ದೇವೆ. ಒಬ್ಬನ ಕೋಣೆಯಲ್ಲಿ ಪೆನ್‌ಡ್ರೈವಿನಂಥ ಉಪಕರಣಗಳ ಒಂದು ಡಬ್ಬಿಯೇ ಸಿಕ್ಕಿತು. ಕೇಳಿದರೆ, ‘ಆಂಟಿ, ಇದರಲ್ಲಿ ತಂಬಾಕಿಲ್ಲ, ನಿಕೋಟಿನ್ನೂ ಇಲ್ಲ, ಬರೇ ಮಾವಿನಹಣ್ಣಿನ ವಾಸನೆ’ ಎನ್ನುತ್ತಾನೆ. ನಾವೇನು ಮಾಡಬೇಕು?

ಹುಡುಗನ ವಾದ ನಿಲ್ಲುವುದಿಲ್ಲ. ಕರ್ನಾಟಕ ಇ-ಸಿಗರೇಟನ್ನು 2016ರಲ್ಲಿಯೇ ನಿಷೇಧಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಯಾವುದೇ ಪದಾರ್ಥವನ್ನು ಬಿಸಿಮಾಡಿ ಸೇದುವ ಆವಿ ಮಾಡಿಕೊಡುವ ವಿದ್ಯುತ್ ಉಪಕರಣವೆಲ್ಲ, ನಿಕೋಟಿನ್ ಇರಲಿ ಇಲ್ಲದಿರಲಿ, ಆ ಕಾಯ್ದೆಯೊಳಗೆ ಬರುತ್ತದೆ. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲವೂ ನಿಷಿದ್ಧ. ಆನ್‌ಲೈನ್ ಮಾರಾಟವೂ ಅಷ್ಟೇ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ.

ಈ ಕಾಯ್ದೆಯ ಒಂದು ವಿಚಿತ್ರವನ್ನೂ ಹೇಳಬೇಕು. ‘ಸೇದುವುದು’ ಎಂಬ ಕ್ರಿಯೆಯನ್ನು ಅದು ಅಪರಾಧವೆಂದು ಹೆಸರಿಸಿಲ್ಲ. ತಂದವರನ್ನು, ಮಾರಿದವರನ್ನು, ದಾಸ್ತಾನು ಇಟ್ಟವರನ್ನು ಹಿಡಿಯುತ್ತದೆ. ಹುಡುಗರು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಧೈರ್ಯದ ಮೂಲ ಇದೇ ಇರಬೇಕು. ಆದರೆ ಒಂದು ಡಬ್ಬಿ ತುಂಬ ಇದ್ದರೆ ಅದು ಸ್ವಂತಕ್ಕೆ ಎಂದು ನಂಬಿಸುವುದು ಕಷ್ಟ. ನಿಮ್ಮ ಮಟ್ಟಿಗೆ ಮುಖ್ಯವಾದುದು ಐದನೆಯ ಕಲಮು: ತನ್ನ ವಶದಲ್ಲಿರುವ ಜಾಗದಲ್ಲಿ ಇ-ಸಿಗರೇಟಿನ ದಾಸ್ತಾನಿಗೆ ಗೊತ್ತಿದ್ದೂ ಅವಕಾಶ ಕೊಟ್ಟವರಿಗೆ ಆರು ತಿಂಗಳವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಡಬ್ಬಿಯನ್ನು ನೀವು ನೋಡಿಯಾಗಿದೆ. ಆದ್ದರಿಂದ ಗೊತ್ತಿರಲಿಲ್ಲ ಎನ್ನುವ ದಾರಿ ನಿಮಗೆ ಉಳಿದಿಲ್ಲ. ಹುಡುಗನ ತಂದೆತಾಯಿಗೆ ತಿಳಿಸಿ, ಡಬ್ಬಿ ಮನೆಯಲ್ಲಿ ಉಳಿಯದಂತೆ ಮಾಡಿರಿ; ಅವನು ಬೇರೆಯವರಿಗೆ ಮಾರುತ್ತಿರುವನೆಂಬ ಅನುಮಾನವಿದ್ದರೆ ಪೊಲೀಸ್ ಠಾಣೆಗೆ ಹೋಗಿರಿ, ಸಬ್‌ಇನ್‌ಸ್ಪೆಕ್ಟರ್ ದರ್ಜೆಯಿಂದ ಮೇಲಿನ ಅಧಿಕಾರಿಗಳಿಗೆ ಶೋಧಿಸಿ ವಶಪಡಿಸಿಕೊಳ್ಳುವ ಅಧಿಕಾರವಿದೆ. ಅವನಿಗೆ ಚಟ ಬಿಡುವ ಮನಸ್ಸಿದ್ದರೆ 1800 112 356 ಎಂಬ ಉಚಿತ ಸಹಾಯವಾಣಿ ಇದೆ.

ಗದಗಿನ ಕಾಲೇಜೊಂದರ ಬಳಿ ನನ್ನ ಪಾನ್ ಅಂಗಡಿ. ಇಪ್ಪತ್ತು ವರ್ಷದ ಹುಡುಗ ಬಂದು ಒಂದೇ ಸಿಗರೇಟು ಕೇಳಿದರೆ ಕೊಡಬಹುದೇ?

ಎರಡು ಕಾರಣಕ್ಕೆ ಕೊಡುವಂತಿಲ್ಲ. ರಾಜ್ಯದ ತಿದ್ದುಪಡಿ ವಯಸ್ಸಿನ ಮಿತಿಯನ್ನು 18ರಿಂದ 21ಕ್ಕೆ ಏರಿಸಿದೆ. ಬಿಡಿ ಸಿಗರೇಟಿನ ಮಾರಾಟವನ್ನೂ ನಿಲ್ಲಿಸಿದೆ. ಪೊಟ್ಟಣದ 85 ಶೇಕಡಾ ಭಾಗವನ್ನು ಆವರಿಸಿದ ಎಚ್ಚರಿಕೆಯ ಚಿತ್ರ ಬಿಡಿಯಾಗಿ ಕೊಂಡವನ ಕಣ್ಣಿಗೆ ಬೀಳುವುದೇ ಇಲ್ಲವಷ್ಟೇ. ‘ಕಾಲೇಜಿನ ಬಳಿ’ ಎಂದಿದ್ದೀರಿ; ಆವರಣದ ಗೋಡೆಯಿಂದ 100 ಮೀಟರ್ ಒಳಗಿದ್ದರೆ ವಯಸ್ಸಿನ ಪ್ರಶ್ನೆಯೇ ಏಳುವುದಿಲ್ಲ, ತಂಬಾಕನ್ನು ಯಾರಿಗೂ ಮಾರುವಂತಿಲ್ಲ. ಈ ಅಳತೆ ರಸ್ತೆ ಸುತ್ತಿ ಬರುವ ದಾರಿಯದಲ್ಲ, ಗೋಡೆಯಿಂದ ನೇರವಾಗಿ ಅಳೆದದ್ದು. ಪಿಯುಸಿ ಓದುವ, ಹದಿನೆಂಟು ತುಂಬದ ಮಕ್ಕಳಿಗೆ ಕೊಟ್ಟರಂತೂ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸೆರೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ನಾನು ಹಾವೇರಿ ಜಿಲ್ಲೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯ. ಸಂಜೆ ಶಾಲೆಯ ಕಟ್ಟೆಯ ಮೇಲೆ ಕುಳಿತು ತಂಬಾಕು ಜಗಿದು ಉಗುಳುವ ಹಿರಿಯರಿಗೆ ಈ ಕಾಯ್ದೆ ತಾಗುತ್ತದೆಯೇ?

ತಾಗುತ್ತದೆ. ಮೊದಲು ನಿಷೇಧ ಸೇದುವುದಕ್ಕಷ್ಟೇ ಇತ್ತು. ಈಗ ಸಾರ್ವಜನಿಕ ಸ್ಥಳದಲ್ಲಿ ತಂಬಾಕನ್ನು ಬಳಸುವುದು, ಉಗುಳುವುದು ಕೂಡ ಸೇರಿದೆ. ಶಾಲೆಯ ಆವರಣದೊಳಗೆ ಧೂಮಪಾನಕ್ಕೆ ದಂಡ ವಿಧಿಸುವ ಅಧಿಕಾರವನ್ನು 2008ರ ನಿಯಮಗಳೇ ಮುಖ್ಯೋಪಾಧ್ಯಾಯರಿಗೂ ಶಿಕ್ಷಕರಿಗೂ ಕೊಟ್ಟಿವೆ. ದಂಡದ ರಸೀದಿ ಪುಸ್ತಕಕ್ಕಾಗಿ ಮತ್ತು ಉಗುಳುವವರ ವಿಚಾರದಲ್ಲಿ ಅನುಸರಿಸಬೇಕಾದ ಕ್ರಮಕ್ಕಾಗಿ ಜಿಲ್ಲೆಯ ತಂಬಾಕು ನಿಯಂತ್ರಣ ಕೋಶಕ್ಕೆ ಬರೆಯಿರಿ. ಪುಸ್ತಕ ಕೈಗೆ ಬರುವವರೆಗೆ ಯಾರಿಂದಲೂ ಹಣ ಪಡೆಯಬೇಡಿರಿ.